ಹಿಂದಿನ ಸಾಲಿನ ಲಂಬು

"ಲಂಬು ಸ್ಟಿಕ್ಕರ್ ತರ ಇದಾನೆ ಕಣ್ರೋ" ಎಂದು ಯಾರೋ ಅಂದದ್ದೇ ತಡ, ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಚೂಟಿ ಮಾತ್ರ ನಗಲಿಲ್ಲ. ಮೌಸ್ ಹಿಡಿದು ಪರದೆಯ ಮುಂದೆ ಕೂತಿದ್ದವಳು ಅವಳೇ. ಆ ಫೋಟೋ ಮಾಡಿದವಳೂ ಅವಳೇ. ಕಿವಿ ಬಿಸಿಯಾಗಿ ಕೆಂಪಾಗಿದ್ದು ಅವಳಿಗೇ ಗೊತ್ತಾಗುತ್ತಿತ್ತು.

ಅದು ಐದನೇ ಕ್ಲಾಸಿನ ಗ್ರೂಪ್ ಫೋಟೋ. ಆ ಶಾಲೆಯಲ್ಲಿ ಐದನೇ ಕ್ಲಾಸೇ ಕೊನೆ. ಆಮೇಲೆ ಎಲ್ಲರೂ ದೊಡ್ಡ ಶಾಲೆಗೆ ಹೋಗುತ್ತಾರೆ. ಹೋಗುವ ಮೊದಲು ಒಂದು ಫೋಟೋ ತೆಗೆದು, ಫ್ರೇಮ್ ಹಾಕಿ, ಉದ್ದನೆಯ ಕಾರಿಡಾರಿನ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ಚೂಟಿಯ ಅಮ್ಮನ ಫೋಟೋ ಕೂಡ ಇದೆ, ಎರಡು ಜಡೆ ಹಾಕಿಕೊಂಡು ಕಣ್ಣು ಮುಚ್ಚಿಕೊಂಡಿರುವುದು.

ಈ ಸಲ ಫೋಟೋ ತೆಗೆದ ದಿನ ಲಂಬು ಆಸ್ಪತ್ರೆಯಲ್ಲಿದ್ದ. ಹಿಂದಿನ ಸಂಜೆ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಲಂಬು ಅಂದರೆ ಕ್ಲಾಸಿನಲ್ಲೇ ಎಲ್ಲರಿಗಿಂತ ಉದ್ದದ ಹುಡುಗ. ಒಂದನೇ ಕ್ಲಾಸಿನಿಂದಲೂ ಚೂಟಿಯ ಪಕ್ಕದಲ್ಲೇ ಕೂರುವವನು, ಅವಳ ರಬ್ಬರನ್ನು ಕಳೆದುಹಾಕುವವನು, ಕೇಳಿದರೆ ತನ್ನದನ್ನು ಎರಡು ತುಂಡು ಮಾಡಿ ಕೊಡುವವನು. ಫೋಟೋದ ಕೆಳಗೆ ಎಲ್ಲರ ಹೆಸರೂ ಬರುತ್ತದೆ. ಲಂಬುವಿನದೂ ಬರುತ್ತದೆ, ಆದರೆ ತೀರ ಕೊನೆಯಲ್ಲಿ, "ಗೈರುಹಾಜರಾದವರು" ಅಂತ ಬರೆದು ಅದರ ಮುಂದೆ.

ಒಂದು ದಿನ ಶಾಲೆಗೆ ಬರದಿದ್ದಕ್ಕೆ ಗೋಡೆಯ ಮೇಲೆ ವರ್ಷಾನುಗಟ್ಟಲೆ ಗೈರುಹಾಜರಿ. ಚೂಟಿಗೆ ಇದು ಸರಿ ಅನ್ನಿಸಲಿಲ್ಲ. ಲಂಬುವಿನ ಅಮ್ಮನಿಗೆ ಫೋನ್ ಮಾಡಿ, ಅವನಿಗೆ ಯೂನಿಫಾರ್ಮ್ ಹಾಕಿಸಿ ಫೋನಿನಲ್ಲೇ ಒಂದು ಫೋಟೋ ತೆಗೆದು ಕಳಿಸಿ ಎಂದು ಕೇಳಿದ್ದಳು. ಬಂದ ಫೋಟೋದಿಂದ ಲಂಬುವನ್ನು ಕತ್ತರಿಸಿ, ಹಿಂದಿನ ಸಾಲಿನ ಕೊನೆಯಲ್ಲಿ ಅಂಟಿಸಿದ್ದಳು. ಪಾಪ, ಕಾಲು ಮುರಿದುಕೊಂಡವನು, ಚೆನ್ನಾಗಿ ಕಾಣಲಿ ಅಂತ ಚಿತ್ರವನ್ನು ಶಾರ್ಪ್ ಮಾಡುವ ಸ್ಲೈಡರನ್ನು ಎಷ್ಟು ಎಳೆಯಬಹುದೋ ಅಷ್ಟೂ ಎಳೆದಿದ್ದಳು. ಈಗ ಅವನ ಒಂದೊಂದು ಕೂದಲೂ ತಂತಿಯ ಹಾಗೆ ಎದ್ದು ನಿಂತಿತ್ತು.

ಕ್ಲಾಸ್ ಲೀಡರ್ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದ. ಎಲ್ಲದಕ್ಕೂ ಕಾರಣ ಕೇಳುತ್ತಾನೆ ಅಂತ ಅವನನ್ನು ಎಲ್ಲರೂ ಪ್ರೊಫೆಸರ್ ಅನ್ನುತ್ತಿದ್ದರು.

"ಅವನು ಹಿಂದಿನ ಸಾಲಲ್ಲಿ ನಿಂತಿದಾನೆ. ಆದ್ರೆ ಎಲ್ಲರಿಗಿಂತ ಮುಂದೆ ಬಂದ ಹಾಗೆ ಕಾಣ್ತಾನೆ. ಯಾಕೆ?" ಅಂದ.

ಚೂಟಿಗೆ ಸಿಟ್ಟು ಬಂತು, ಯಾಕೆಂದರೆ ಅವನು ಹೇಳಿದ್ದು ನಿಜವಾಗಿತ್ತು.

ಕಂಪ್ಯೂಟರ್ ಮಿಸ್ ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿದರು. ಲಂಬುವನ್ನು ಸೇರಿಸುವುದು ತಮಗೂ ಇಷ್ಟವೇ, ಆದರೆ ಹೀಗಿದ್ದರೆ ನೋಡಿದವರೆಲ್ಲ ಅವನನ್ನೇ ನೋಡಿ ನಗುತ್ತಾರೆ, ಅದು ಇನ್ನೂ ಕೆಟ್ಟದ್ದು ಅಂದರು. ಶುಕ್ರವಾರ ಮಧ್ಯಾಹ್ನ ಫೋಟೋ ಪ್ರಿಂಟಿಗೆ ಹೋಗುತ್ತದೆ. ಅಷ್ಟರೊಳಗೆ ಸರಿಯಾದರೆ ಚೂಟಿಯ ಫೋಟೋ. ಇಲ್ಲದಿದ್ದರೆ ಮೊದಲಿನದೇ.

ಅವತ್ತು ಮನೆಗೆ ಹೋದವಳೇ ಚೂಟಿ ಲ್ಯಾಪ್‌ಟಾಪ್ ತೆಗೆದಳು. ಶಾರ್ಪ್ ಆಗಿದ್ದು ತಪ್ಪಾದರೆ ಬ್ಲರ್ ಮಾಡಿದರಾಯಿತು ಎಂದುಕೊಂಡು ಬ್ಲರ್ ಮಾಡಿದಳು. ಲಂಬುವಿನ ತಲೆಕೂದಲು ಚೆಲ್ಲಿದ ಇಂಕಿನ ಹಾಗೆ ಹಿಂದಿನ ಗೋಡೆಯ ಮೇಲೆ ಹರಡಿತು. ಬಿಸಿನೀರಿನ ಹಬೆಯೊಳಗಿಂದ ಎದ್ದು ಬಂದ ದೆವ್ವದ ಹಾಗೆ ಕಂಡ. ಮೊದಲೇ ಸ್ಟಿಕ್ಕರ್, ಈಗ ದೆವ್ವ. ಚೂಟಿ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೇ ತಲೆಯಿಟ್ಟು ಕೂತಳು.

ಅವಳ ಚಿಕ್ಕಮ್ಮ ಅವರ ಮನೆಯಲ್ಲೇ ಇದ್ದಳು. ಚಿಕ್ಕಮ್ಮನ ಕೆಲಸವೇ ಫೋಟೋಗಳನ್ನು ಸೇರಿಸುವುದು. ಮೇಜು, ಕುರ್ಚಿ, ಸೋಫಾ ಮಾರುವ ಕಂಪನಿಗಳಿಗೆ ಅವಳ ಆಫೀಸಿನವರು ಚಿತ್ರ ಮಾಡಿಕೊಡುತ್ತಿದ್ದರು. ಸೋಫಾ ಒಂದು ಕಡೆ ತೆಗೆದದ್ದು, ಕೋಣೆ ಇನ್ನೊಂದು ಕಡೆಯದು, ಕಿಟಕಿಯಾಚೆ ಕಾಣುವ ಹೂದೋಟ ಮತ್ತೆಲ್ಲಿಯದೋ. ನೋಡಿದವರಿಗೆ ಮಾತ್ರ ಎಲ್ಲವೂ ಒಂದೇ ಮನೆಯದು ಅನ್ನಿಸಬೇಕು. ಚೂಟಿ ಅಲ್ಲಿಯವರೆಗೆ ಅವಳನ್ನು ಏನೂ ಕೇಳಿರಲಿಲ್ಲ. ತಾನೇ ಮಾಡಿ ತೋರಿಸಬೇಕು ಅಂತಿತ್ತು. ಆದರೆ ಅಹಂಕಾರ ಹಿಡಿದು ಕೂತರೆ ಶುಕ್ರವಾರ ಕಾಯುತ್ತದೆಯೇ? ಮಾರನೇ ದಿನ ಶಾಲೆ ಬಿಟ್ಟ ಕೂಡಲೇ ನೇರವಾಗಿ ಚಿಕ್ಕಮ್ಮನ ಆಫೀಸಿಗೇ ಹೋದಳು.

ಆಫೀಸಿನ ಕೋಣೆಯ ಗೋಡೆಗಳಿಗೆಲ್ಲ ಬೂದು ಬಣ್ಣ, ಕಿಟಕಿಗಳಿಗೆಲ್ಲ ಪರದೆ. ಹೊರಗಿನ ಬೆಳಕು ಬಿದ್ದರೆ ಕಂಪ್ಯೂಟರ್ ಪರದೆಯ ಮೇಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದಂತೆ. ಒಬ್ಬ ಅಣ್ಣ ದಿಂಬಿನ ಒಂದು ಮೂಲೆಯನ್ನು ಪರದೆ ತುಂಬ ದೊಡ್ಡದು ಮಾಡಿಕೊಂಡು, ಒಂದೇ ಒಂದು ದಾರವನ್ನು ನೋಡುತ್ತಾ ಕೂತಿದ್ದ.

ಚಿಕ್ಕಮ್ಮ ಸ್ಟಿಕ್ಕರ್ ಲಂಬುವನ್ನೂ ದೆವ್ವದ ಲಂಬುವನ್ನೂ ನೋಡಿದಳು. ನಗಲಿಲ್ಲ. ಚೂಟಿಗೆ ಒಂದು ಕುರ್ಚಿ ಎಳೆದು ಕೊಟ್ಟು, ತಾನು ಕೈಕಟ್ಟಿ ಕೂತಳು.

"ನೀನೇ ಮಾಡಿಕೊಡು ಚಿಕ್ಕಮ್ಮ. ನಿನಗೆ ಎರಡು ನಿಮಿಷದ ಕೆಲಸ."

"ನನಗೆ ಎರಡೇ ನಿಮಿಷ, ನಿಜ. ಆದ್ರೆ ಅವನು ನಿನ್ನ ಫ್ರೆಂಡು" ಅಂದಳು ಚಿಕ್ಕಮ್ಮ. ಆಮೇಲೆ ಚೂಟಿಯ ಹೆಬ್ಬೆರಳನ್ನು ಅವಳ ಮೂಗಿನ ಮುಂದೆಯೇ ಹಿಡಿಸಿ, ಅದನ್ನೇ ನೋಡು, ಈಗ ಹಿಂದಿನ ಬಾಗಿಲು ಹೇಗಿದೆ ಹೇಳು ಅಂದಳು.

ಬಾಗಿಲು ಮಸುಕಾಗಿತ್ತು. ಬಾಗಿಲನ್ನು ನೋಡಿದರೆ ಹೆಬ್ಬೆರಳು ಮಸುಕಾಯಿತು. ಚೂಟಿ ನಾಲ್ಕೈದು ಸಲ ಮಾಡಿ ನೋಡಿದಳು. ಹುಟ್ಟಿದಾಗಿನಿಂದ ಅವಳ ಕಣ್ಣು ಇದೇ ಕೆಲಸ ಮಾಡುತ್ತಿತ್ತು, ಅವಳಿಗೇ ಗೊತ್ತಿರಲಿಲ್ಲ.

ಕ್ಯಾಮೆರಾದ ಕಣ್ಣೂ ಹಾಗೇ ಎಂದಳು ಚಿಕ್ಕಮ್ಮ. ಗ್ರೂಪ್ ಫೋಟೋವನ್ನು ದೊಡ್ಡದು ಮಾಡಿ, ಸಾಲು ಸಾಲಾಗಿ ನೋಡುತ್ತಾ ಹೋಗಲು ಹೇಳಿದಳು. ಫೋಟೋಗ್ರಾಫರ್ ಫೋಕಸ್ ಮಾಡಿದ್ದು ಕುರ್ಚಿಯ ಸಾಲಿಗೆ. ಅಲ್ಲಿ ಕೂತ ಹೆಡ್‌ಮಿಸ್‌ನ ವಾಚಿನ ಮುಳ್ಳು ಕೂಡ ಕಾಣುತ್ತಿತ್ತು. ಗಿಡ್ಡ ಅಂತ ಕುರ್ಚಿಗಳ ಪಕ್ಕದಲ್ಲೇ ನಿಲ್ಲಿಸಿದ್ದ ಚೂಟಿಯೂ ಸ್ಪಷ್ಟವಾಗಿದ್ದಳು. ಅದರ ಹಿಂದೆ ನಿಂತವರು ಒಂಚೂರು ಮೃದು. ಬೆಂಚಿನ ಮೇಲೆ ನಿಂತ ಕೊನೆಯ ಸಾಲು ಇನ್ನೂ ಒಂಚೂರು. ಗೋಡೆ ಅದಕ್ಕಿಂತ ಮಸುಕು, ಗೋಡೆಯಾಚೆಯ ಮರವಂತೂ ಬರೀ ಹಸಿರು ಮುದ್ದೆ. ಇಷ್ಟು ದಿನ ಎಲ್ಲರೂ ಒಂದೇ ತರ ಕ್ಲಿಯರ್ ಇದ್ದಾರೆ ಅಂತ ಅವಳು ತಿಳಿದಿದ್ದಳು.

ಇವರೆಲ್ಲರ ನಡುವೆ ಲಂಬು ಒಬ್ಬ ಮಾತ್ರ ಕತ್ತಿಯ ಅಲಗಿನ ಹಾಗೆ ನಿಂತಿದ್ದ. ಸುತ್ತಲೂ ಸಣ್ಣ ಬಿಳಿ ಗೆರೆ ಬೇರೆ.

"ಫೋನೇ ಒಂದು ಸಲ ಶಾರ್ಪ್ ಮಾಡಿ ಕೊಟ್ಟಿದೆ. ಅದರ ಮೇಲೆ ನೀನು ಇನ್ನೊಂದು ಸಲ. ಶಾರ್ಪ್ ಅನ್ನೋದು ಉಪ್ಪಿನ ಹಾಗೆ ಕಣೇ. ಕೊನೇಲಿ ಹಾಕ್ಬೇಕು, ಚಿಟಿಕೆ ಹಾಕ್ಬೇಕು, ಇಡೀ ಪಾತ್ರೆಗೆ ಹಾಕ್ಬೇಕು. ಒಂದೇ ತುತ್ತಿಗೆ ಸುರಿದ್ರೆ ಏನಾಗುತ್ತೆ?"

ಒಮ್ಮೆ ಬಿದ್ದ ಉಪ್ಪನ್ನು ತೆಗೆಯಲು ಆಗುವುದಿಲ್ಲವಾದ್ದರಿಂದ ಹೊಸ ಫೋಟೋ ತೆಗೆಯಲೇಬೇಕಿತ್ತು. ಚಿಕ್ಕಮ್ಮ ತನ್ನ ಕ್ಯಾಮೆರಾ ಕೊಡಲು ಒಪ್ಪಿದಳು. ಆಮೇಲೆ ತನ್ನ ಸೋಫಾದ ಚಿತ್ರ ತೋರಿಸಿದಳು. ಅದರ ಜೊತೆಗೇ ಇನ್ನೊಂದು ಚಿತ್ರ ಇತ್ತು. ಅದೇ ಕೋಣೆ, ಅದೇ ಸೋಫಾ, ಆದರೆ ಬಣ್ಣವೇ ಇಲ್ಲ. ಹತ್ತಿರದ್ದು ಬಿಳಿ, ದೂರ ಹೋದ ಹಾಗೆ ಬೂದು, ತೀರ ದೂರದ್ದು ಕಪ್ಪು. ಅದು ದೂರವನ್ನು ತೋರಿಸುವ ಚಿತ್ರ. ಇಷ್ಟು ಬೂದು ಇರುವ ಕಡೆ ಫೋಕಸ್, ಅಲ್ಲಿಂದ ಕಪ್ಪಾದಷ್ಟೂ ಬ್ಲರ್ ಎಂದು ಹೇಳಿದರೆ ಸಾಕು, ಎಲ್ಲೆಲ್ಲಿ ಎಷ್ಟೆಷ್ಟು ಅಂತ ಕಂಪ್ಯೂಟರ್ ಅದನ್ನು ನೋಡಿಕೊಂಡೇ ಮಾಡುತ್ತದೆ.

"ಎಷ್ಟು ಬ್ಲರ್ ಆದ್ರೆ ಸರಿ ಅಂತ ಹೇಗೆ ಗೊತ್ತಾಗೋದು?"

"ಅವನ ಮುಖ ನೋಡ್ಬೇಡ. ಮುಖ ನೋಡಿದ್ರೆ ಪ್ರೀತಿ ಅಡ್ಡ ಬರುತ್ತೆ. ಅಂಗಿ ಗುಂಡಿ ನೋಡು. ಅವನ ಗುಂಡಿ, ಪಕ್ಕದವನ ಗುಂಡಿ, ಎರಡೂ ಒಂದೇ ಆಗ್ಬೇಕು" ಅಂದಳು ಚಿಕ್ಕಮ್ಮ.

ಸಂಜೆ ಚೂಟಿ ಲಂಬುವಿನ ಮನೆಗೆ ಹೋದಳು. ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಬಿಸ್ಕತ್ತು ತಿನ್ನುತ್ತಿದ್ದ. ಸ್ಟಿಕ್ಕರ್ ಫೋಟೋ ನೋಡಿ ಎಷ್ಟು ನಕ್ಕನೆಂದರೆ, ಕಾಲು ನೋಯುತ್ತದೆ ನಗಿಸಬೇಡ ಅಂತ ಅವನೇ ಬೇಡಿಕೊಂಡ. ಆದರೆ ಚೂಟಿ ಹೇಳಲು ಬಂದ ಮಾತು ಬೇರೆ ಇತ್ತು.

"ನಿನ್ನ ಮುಖ ಸ್ವಲ್ಪ ಬ್ಲರ್ ಮಾಡ್ಬೇಕಾಗುತ್ತೆ ಕಣೋ. ನನ್ನಷ್ಟು ಕ್ಲಿಯರ್ ಆಗಿ ಬರಲ್ಲ ನೀನು."

ಲಂಬು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದ. ಬೇಜಾರಾಯಿತೇನೋ ಎಂದು ಚೂಟಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಳು.

"ನನ್ನ ಮುಂದೆ ಯಾರು ನಿಂತಿದಾರೆ?" ಅಂತ ಕೇಳಿದ ಲಂಬು.

"ಪ್ರೊಫೆಸರ್."

ಲಂಬುವಿನ ಬಾಯಿ ಕಿವಿಯವರೆಗೆ ಹೋಯಿತು. ಒಂದನೇ ಕ್ಲಾಸಿನಿಂದಲೂ ಪ್ರೊಫೆಸರ್‌ನ ಹಿಂದೆ ನಿಂತಾಗಲೆಲ್ಲ ಅವನ ತಲೆಯ ಮೇಲೆ ಎರಡು ಬೆರಳಿನ ಕೊಂಬು ಇಡುವುದು ಲಂಬುವಿನ ಪದ್ಧತಿ. ಪ್ರೊಫೆಸರ್ ಒಂದು ಸಲವೂ ಹಿಡಿದಿರಲಿಲ್ಲ.

"ಹಾಗಾದ್ರೆ ಕೊಂಬು ಬೇಕೇ ಬೇಕು" ಅಂದ. ಮುಖದ ವಿಷಯವನ್ನು ಆಮೇಲೆ ಎತ್ತಲೇ ಇಲ್ಲ.

ಗ್ರೂಪ್ ಫೋಟೋದಲ್ಲಿ ಎಲ್ಲರ ಎಡಗೆನ್ನೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅದಕ್ಕೇ ಮರುದಿನ ಶಾಲೆಗೆ ಮುಂಚೆ, ಅದೇ ಎಳೆ ಬಿಸಿಲಿನಲ್ಲಿ, ಲಂಬುವನ್ನು ಮನೆಯ ಅಂಗಳದ ಮೆಟ್ಟಿಲ ಮೇಲೆ ನಿಲ್ಲಿಸಿದರು. ಒಂದು ಕೈ ಊರುಗೋಲಿನ ಮೇಲೆ, ಮುರಿದ ಕಾಲು ಗಾಳಿಯಲ್ಲಿ. ಪ್ರೊಫೆಸರ್ ಜಾಗದಲ್ಲಿ ಯಾರನ್ನು ನಿಲ್ಲಿಸುವುದು? ಲಂಬುವಿನ ಅಜ್ಜಿ ಕನ್ನಡಕ ಹಾಕಿಕೊಂಡು ತಾವೇ ಬಂದು ಮೊಮ್ಮಗನ ಮುಂದೆ ಗಂಭೀರವಾಗಿ ಕೈಕಟ್ಟಿ ನಿಂತರು. ಅವರ ತಲೆ ಸರಿಯಾಗಿ ಅವನ ಎದೆಯವರೆಗೆ ಬರುತ್ತಿತ್ತು.

ಮೊದಲು ತೆಗೆದ ಫೋಟೋಗಳೆಲ್ಲ ಕೆಟ್ಟವು. ಕ್ಯಾಮೆರಾ ಕಂಡರೆ ಲಂಬು ಗೂಟದ ಹಾಗೆ ಬಿಗಿಯಾಗುತ್ತಿದ್ದ. ಎಷ್ಟು ಹೇಳಿದರೂ ನಗು ಬರಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು. ಆಗ ಅಜ್ಜಿ ಹಿಂದೆ ತಿರುಗಿ ಕೂಡ ನೋಡದೆ, ಮುಂದೆಯೇ ನೋಡುತ್ತಾ, "ನನ್ನ ತಲೆ ಮೇಲೆ ಏನು ಬೆಳೀತಿದೆಯೋ ಕಪಿ?" ಅಂದರು.

ಲಂಬು ಫಕ್ಕನೆ ನಕ್ಕ. ಚೂಟಿ ಕ್ಲಿಕ್ ಮಾಡಿದಳು.

ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಲಂಬುವನ್ನು ನಿಧಾನವಾಗಿ, ಕೂದಲ ಅಂಚಿಗೂ ಗಾಯವಾಗದ ಹಾಗೆ ಕತ್ತರಿಸಿದಳು. ಅಜ್ಜಿ ಇದ್ದ ಜಾಗದಲ್ಲಿ ಪ್ರೊಫೆಸರ್ ಬರುವ ಹಾಗೆ ಹೊಂದಿಸಿದಳು. ಬೆರಳುಗಳ ಬುಡ ಪ್ರೊಫೆಸರ್‌ನ ಕೂದಲಿನ ಹಿಂದೆ ಅಡಗಿತು. ಆಮೇಲೆ ದೂರದ ಚಿತ್ರ ಬರೆದಳು. ಕೊನೆಯ ಸಾಲು ಎಷ್ಟು ದೂರವೋ ಅಷ್ಟು ಗಾಢವಾದ ಬೂದು ಬಣ್ಣವನ್ನು ಲಂಬುವಿಗೆ ತುಂಬಿ, ಬ್ಲರ್ ಒತ್ತಿದಳು. ಅವನ ಅಂಗಿಯ ಗುಂಡಿ, ಪಕ್ಕದವನ ಅಂಗಿಯ ಗುಂಡಿ. ಹೆಚ್ಚೂಕಡಿಮೆ ಒಂದೇ. ಸ್ವಲ್ಪ ಕಡಿಮೆ ಮಾಡಿದಳು. ಈಗ ಅವಳಿಜವಳಿ.

ಆದರೂ ಏನೋ ಎಡವಟ್ಟಾಗಿತ್ತು. ಕೊಂಬು ಕೊಂಬಿನ ಹಾಗೆ ಕಾಣುತ್ತಿರಲಿಲ್ಲ. ಪ್ರೊಫೆಸರ್‌ನ ತಲೆಯ ಹಿಂದೆ ಲಂಬುವಿನ ಅಂಗಿಯ ಮೇಲೆ ಬಿದ್ದ ಕಲೆಯ ಹಾಗಿತ್ತು. ಯಾಕೆ? ಅವಳು ಎದ್ದು ನಿಂತು, ಲಂಬು ನಿಂತ ಹಾಗೆಯೇ ಕೈ ಮುಂದೆ ಚಾಚಿ ಎರಡು ಬೆರಳು ಎತ್ತಿದಳು. ಆಗ ಹೊಳೆಯಿತು. ಮುಖ ಕೊನೆಯ ಸಾಲಿನಲ್ಲಿದೆ. ಬೆರಳು ಅಲ್ಲಿಲ್ಲ. ಕೈ ಚಾಚಿದವನ ಬೆರಳು ಪ್ರೊಫೆಸರ್‌ನ ಸಾಲಿಗೇ ಬಂದುಬಿಟ್ಟಿದೆ. ಒಬ್ಬನೇ ಲಂಬು, ಆದರೆ ಎರಡು ದೂರ.

ಚೂಟಿ ಬೆರಳುಗಳಿಗೆ ಪ್ರೊಫೆಸರ್‌ನ ಸಾಲಿನ ತಿಳಿ ಬೂದು ಹಾಕಿದಳು. ಭುಜಕ್ಕೆ ಗಾಢ ಬೂದು. ನಡುವಿನ ತೋಳಿನ ಮೇಲೆ ಒಂದರಿಂದ ಇನ್ನೊಂದಕ್ಕೆ ಗೊತ್ತೇ ಆಗದ ಹಾಗೆ ಬಣ್ಣ ಇಳಿಸುತ್ತಾ ಬಂದಳು. ಎರಡು ಸಲ ಗೆರೆ ಗೆರೆ ಎದ್ದಿತು, ಅಳಿಸಿದಳು. ಮೂರನೇ ಸಲ ಒತ್ತಿದಾಗ ಲಂಬುವಿನ ಕೈ ಪರದೆಯೊಳಗಿಂದ ಮುಂದೆ ಬಂದು, ಪ್ರೊಫೆಸರ್‌ನ ತಲೆಯ ಹಿಂದೆ ನಿಂತಿತು.

ಅವಳಿಗೆ ಉಸಿರು ಬಿಡುವುದೂ ಮರೆತುಹೋಗಿತ್ತು.

ಇನ್ನೊಂದೇ ಒಂದು ಆಸೆ ಉಳಿದಿತ್ತು. ಕಣ್ಣಿಗೆ ಮಾತ್ರ, ನಗುವ ಹಲ್ಲಿಗೆ ಮಾತ್ರ ಒಂಚೂರು ಶಾರ್ಪ್ ಮಾಡಿದರೆ? ಯಾರಿಗೆ ಗೊತ್ತಾಗುತ್ತದೆ? ಮಾಡಿದಳು. ಲಂಬು ಚೆಂದ ಕಂಡ. ಆದರೆ ಒಂದು ಹೆಜ್ಜೆ ಸಾಲು ಬಿಟ್ಟು ಮುಂದೆ ಬಂದ. ಚೂಟಿ ಅವನ ನಗುವನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಮತ್ತೆ ನಗುವನ್ನು ನೋಡಿದಳು. ಆಮೇಲೆ ಮಾಡಿದ್ದನ್ನು ಅಳಿಸಿಬಿಟ್ಟಳು. ಕೊನೆಗೆ ಇಡೀ ಫೋಟೋಗೆ, ಹೆಡ್‌ಮಿಸ್‌ನಿಂದ ಹಿಡಿದು ಹಿಂದಿನ ಮರದವರೆಗೆ ಎಲ್ಲರಿಗೂ ಸೇರಿಸಿ, ಚಿಟಿಕೆಯಷ್ಟು ಶಾರ್ಪ್ ಹಾಕಿದಳು.

ಚಿಕ್ಕಮ್ಮ ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಗುಂಡಿಗಳ ಹತ್ತಿರ ಹೋಗಿ ಬಂದಳು.

"ತಟ್ಟೆ ಇಡ್ತೀನಿ, ಲ್ಯಾಪ್‌ಟಾಪ್ ತೆಗಿ" ಅಂದಳು. ಹೇಳಲು ಬೇರೇನೂ ಉಳಿದಿರಲಿಲ್ಲ ಅಂತ ಚೂಟಿಗೆ ಅರ್ಥವಾಯಿತು.

ಶುಕ್ರವಾರ ಬೆಳಿಗ್ಗೆ ಮಿಸ್ ಫೋಟೋವನ್ನು ಪ್ರೊಜೆಕ್ಟರಿನಿಂದ ಲ್ಯಾಬಿನ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟರು. ಚೂಟಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

ಮೊದಲು ಅಲುಗಾಡಿದವನು ಪ್ರೊಫೆಸರ್. ಅವನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಕೂದಲು ಸವರಿಕೊಂಡು, ಹಿಂದೆ ತಿರುಗಿ ನೋಡಿ, "ಇವನು ಯಾವಾಗ ನನಗೆ ಕೊಂಬು ಇಟ್ಟ?" ಅಂದ. ಸಿಟ್ಟಿನಿಂದಲೇ ಅಂದ.

"ಫೋಟೋ ತೆಗೆಯುವಾಗ" ಅಂದಳು ಅವನ ಪಕ್ಕದಲ್ಲಿದ್ದವಳು, ಯೋಚಿಸದೆ.

"ಅವತ್ತು ಅವನು ಬಂದೇ ಇರಲಿಲ್ಲವಲ್ಲ" ಅಂದ ಪ್ರೊಫೆಸರ್. ಆಮೇಲೆ ಅವನಿಗೇ ಅನುಮಾನ ಬಂತು. "ಬಂದಿದ್ನಾ?"

ಆಗ ಎದ್ದ ನಗುವಿಗೆ ಪಕ್ಕದ ಕ್ಲಾಸಿನ ಸರ್ ಬಾಗಿಲಿಗೆ ಬಂದು ಇಣುಕಿದರು. ಆದರೆ ಇದು ಮೊನ್ನೆಯ ನಗುವಾಗಿರಲಿಲ್ಲ. ಎಲ್ಲರೂ ಎದ್ದು ಗೋಡೆಯ ಹತ್ತಿರ ನುಗ್ಗಿ, ಕೊಂಬನ್ನು ಮುಟ್ಟಿ ಮುಟ್ಟಿ ನೋಡಿದರು. ಯಾರೋ ಚೂಟಿಯ ಬೆನ್ನಿಗೆ ಗುದ್ದಿದರು, ಯಾರೋ ಜಡೆ ಎಳೆದರು. ಇದು ಹೇಗೆ ಮಾಡಿದೆ ಅಂತ ಪ್ರೊಫೆಸರ್ ಒಂದರ ಮೇಲೊಂದು ಪ್ರಶ್ನೆ ಕೇಳಿದ. ಮೊನ್ನೆ ಅವನು ಕೇಳಿದ ಮೊದಲ ಪ್ರಶ್ನೆಗೆ ಈಗ ಅವಳ ಹತ್ತಿರ ಉತ್ತರ ಇತ್ತು. ಅವನ ಹೆಬ್ಬೆರಳನ್ನು ಅವನ ಮೂಗಿನ ಮುಂದೆಯೇ ಹಿಡಿಸಿ ತೋರಿಸಿದಳು.

ಮಿಸ್ ಹೋಗಿ ಹೆಡ್‌ಮಿಸ್ ಅವರನ್ನು ಕರೆದುಕೊಂಡು ಬಂದರು. ಹೆಡ್‌ಮಿಸ್ ಕೈ ಹಿಂದೆ ಕಟ್ಟಿಕೊಂಡು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಕೊಂಬು ಕಂಡಾಗ ತುಟಿ ಬಿಗಿಹಿಡಿದದ್ದು ನಗು ತಡೆಯಲಿಕ್ಕೆ ಅಂತ ಎಲ್ಲರಿಗೂ ಗೊತ್ತಾಯಿತು. ಫೋಟೋ ಹೋಗಲಿ ಅಂದರು. ಆದರೆ ಇಲ್ಲದ್ದನ್ನು ಇತ್ತು ಅಂತ ಹೇಳಬಾರದು, ಕೆಳಗೆ ಒಂದು ಸಾಲು ಬರೆಯಬೇಕು ಅಂದರು. "ಈ ಚಿತ್ರದಲ್ಲಿರುವ ಒಬ್ಬರನ್ನು ಆಮೇಲೆ ಸೇರಿಸಲಾಗಿದೆ." ಅಷ್ಟೇ. ಯಾರನ್ನು ಅಂತ ಬರೆಯುವ ಅಗತ್ಯವಿಲ್ಲ ಅಂದರು.

ಫೋಟೋ ಗೋಡೆಗೆ ಬಂದ ವಾರವೇ ಲಂಬುವೂ ಶಾಲೆಗೆ ಬಂದ. ಬಿಡುವಿನಲ್ಲಿ ಅವನೂ ಚೂಟಿಯೂ ಕಾರಿಡಾರಿಗೆ ಹೋದಾಗ ಫೋಟೋದ ಮುಂದೆ ಚಿಕ್ಕ ಕ್ಲಾಸಿನ ಮಕ್ಕಳ ಗುಂಪು ನೆರೆದಿತ್ತು. ಕೆಳಗಿನ ಸಾಲನ್ನು ಓದಿದವರೆಲ್ಲ ಆ "ಒಬ್ಬರು" ಯಾರು ಅಂತ ಹುಡುಕುತ್ತಿದ್ದರು. ಒಬ್ಬ ಪ್ರೊಫೆಸರ್ ಅಂದ. ಇನ್ನೊಬ್ಬ ಹೆಡ್‌ಮಿಸ್ಸೇ ಇರಬೇಕು ಅಂದ.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ತುದಿಗಾಲಲ್ಲಿ ನಿಂತು, ಕುರ್ಚಿಯ ಪಕ್ಕದಲ್ಲಿದ್ದ ಚೂಟಿಯ ಮುಖದ ಮೇಲೆ ಬೆರಳಿಟ್ಟಳು. "ಈ ಅಕ್ಕನ್ನೇ ಅಂಟಿಸಿರೋದು. ನೋಡಿ ಎಷ್ಟು ಕ್ಲಿಯರ್ ಆಗಿದಾಳೆ."

ಹೌದು ಹೌದು ಅಂದರು ಎಲ್ಲರೂ.

ಲಂಬು ನಗು ತಡೆಯಲಾರದೆ ಊರುಗೋಲಿಗೆ ಒರಗಿದ. ನಿಜ ಹೇಳಲು ಬಾಯಿ ತೆರೆದವನ ಅಂಗಿಯ ತೋಳನ್ನು ಚೂಟಿ ಮೆಲ್ಲಗೆ ಎಳೆದಳು. ಬೇಡ ಅಂತ ತಲೆಯಾಡಿಸಿದಳು.

ಮಕ್ಕಳು ಓಡಿಹೋದ ಮೇಲೆ ಅವಳೂ ಫೋಟೋ ನೋಡಿದಳು. ನೆಲದ ಮೇಲೆ ಕೂತವರು, ಕುರ್ಚಿಯವರು, ಅವರ ಹಿಂದೆ ನಿಂತವರು. ಆಮೇಲೆ ಕೊನೆಯ ಸಾಲು, ಒಬ್ಬೊಬ್ಬರಾಗಿ. ಕಣ್ಣು ಸಾಲಿನ ತುದಿಗೆ ಹೋಗಿ, ಗೋಡೆ ದಾಟಿ, ಮರದ ಮೇಲೆ ನಿಂತಾಗಲೇ ಅವಳಿಗೆ ತಿಳಿದದ್ದು, ಲಂಬುವಿನ ಹತ್ತಿರ ಅದು ನಿಂತೇ ಇರಲಿಲ್ಲ. ಎಲ್ಲರನ್ನೂ ದಾಟಿ ಬಂದ ಹಾಗೆ ಅವನನ್ನೂ ದಾಟಿ ಬಂದಿತ್ತು.

"ಏನು ಒಬ್ಬಳೇ ನಗ್ತಿದೀಯ?" ಅಂದ ಲಂಬು.

"ಏನಿಲ್ಲ" ಅಂದಳು ಚೂಟಿ. ಬೆಲ್ ಹೊಡೆಯಿತು. ಊರುಗೋಲಿನ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ ಅವಳು ಕ್ಲಾಸಿನ ಕಡೆ ನಡೆದಳು.